ಟಿಕೆಟ್ ಜಗಳ ಬೆಂಗಳೂರಿಂದು, ಹೆಡ್‌ಫೋನ್ ಪ್ರಶ್ನೆ ಸಿಂದಗಿಯದು

2025ರ ಸೆಪ್ಟೆಂಬರ್ 12ರಂದು ರಾಜ್ಯ ಸರ್ಕಾರ ಸಿನಿಮಾ ಟಿಕೆಟ್‌ಗೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿತು. ಹನ್ನೊಂದೇ ದಿನಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಆಮೇಲೆ ನಡೆದ ಚರ್ಚೆಯೆಲ್ಲ ಮಲ್ಟಿಪ್ಲೆಕ್ಸ್ ಸುತ್ತಲೇ. ಮುದ್ದೇಬಿಹಾಳದವರಿಗೆ ಇದರಲ್ಲಿ ಏನಿದೆ? ವಿಜಯಪುರ ಸುಮಾರು 80 ಕಿಲೋಮೀಟರ್. ಬಸ್ ಚಾರ್ಜು, ಊಟ, ರಾತ್ರಿ ವಾಪಸ್ ಬರೋ ಪಜೀತಿ ಎಲ್ಲ ಸೇರಿದರೆ ಟಿಕೆಟ್ 200 ಆದರೇನು, 300 ಆದರೇನು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ ಬಹಳಷ್ಟು ಹುಡುಗ್ರ ಟಾಕೀಸು ಈಗ ಮೊಬೈಲು, ಇಲ್ಲಾ ಹಾಲ್‌ನ ಟಿವಿ. ಎರಡು ಕೋಣೆಯ ಮನೆಯಲ್ಲಿ ಒಬ್ಬರು ಸಿನಿಮಾ ನೋಡ್ತಿದ್ದರೆ ಇನ್ನೊಬ್ಬರು ಪಿಯುಸಿ ಪರೀಕ್ಷೆಗೆ ಓದುತ್ತಿರುತ್ತಾರೆ, ಅಜ್ಜ ಮಲಗಿರುತ್ತಾರೆ. ಅಲ್ಲಿ ಹೆಡ್‌ಫೋನ್ ಶೋಕಿಯ ವಸ್ತು ಆಗಿ ಉಳಿದಿಲ್ಲ. ಸೆಪ್ಟೆಂಬರ್ 22ರ ಜಿಎಸ್‌ಟಿ ಬದಲಾವಣೆಯಲ್ಲಿ 100 ರೂಪಾಯಿ ಒಳಗಿನ ಟಿಕೆಟ್ ತೆರಿಗೆ ಶೇ. 12ರಿಂದ 5ಕ್ಕೆ ಇಳಿಯಿತು, ದೊಡ್ಡ ಟಿವಿಗಳದ್ದು 28ರಿಂದ 18ಕ್ಕೆ. ಹೆಡ್‌ಫೋನ್ ಮಾತ್ರ 18ರಲ್ಲೇ ಕೂತಿದೆ.

ತೆರಿಗೆಗಿಂತ ದೊಡ್ಡ ತೊಂದರೆ ಡಬ್ಬಿ ಮೇಲಿನ ಅಂಕಿಯಲ್ಲಿದೆ. ‘7.1 ಸರೌಂಡ್’, ‘3ಡಿ ಸೌಂಡ್’ ಅಂತ ದಪ್ಪಗೆ ಬರೆದಿರುತ್ತಾರೆ. ಸಿನಿಮಾದ 5.1 ಅಂದರೆ ಆರು ಚಾನೆಲ್: ಮುಂದೆ ಎಡ, ನಡು, ಬಲ, ಪಕ್ಕ-ಹಿಂದೆ ಎರಡು, ಗುಡುಗಿನಂಥ ತಗ್ಗಿನ ಸದ್ದಿಗೆ ಇನ್ನೊಂದು. ಪಾತ್ರಗಳ ಮಾತು ಹೆಚ್ಚಾಗಿ ನಡುವಿನ ಚಾನೆಲ್‌ನಲ್ಲಿ ಬರುತ್ತದೆ. ನಾವು ದಿನಾ ಬಳಸುವ ಬ್ಲೂಟೂತ್ ಸಂಪರ್ಕ ಸಾಗಿಸುವುದು ಎರಡೇ ಚಾನೆಲ್. ಅಂದಮೇಲೆ ಏಳು ಎಲ್ಲಿಂದ ಬಂತು?

ಪೂರ್ತಿ ಸುಳ್ಳೂ ಅನ್ನುವಂತಿಲ್ಲ. ನಮಗಿರೋದು ಎರಡೇ ಕಿವಿ. ಎಡಗಡೆಯ ಸದ್ದು ಬಲಕಿವಿಗೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ತಡವಾಗಿ ತಲುಪುತ್ತದೆ. ಆ ತಡ, ಜೊತೆಗೆ ತಲೆ ಮತ್ತು ಕಿವಿಯ ಹಾಲೆ ಸದ್ದನ್ನು ತಿದ್ದುವ ರೀತಿ, ಇಷ್ಟರಿಂದಲೇ ಮಿದುಳು ದಿಕ್ಕು ಹಿಡಿಯುತ್ತದೆ. ಇದೇ ಲೆಕ್ಕವನ್ನು ಸಾಫ್ಟ್‌ವೇರ್ ನಕಲು ಮಾಡಿದರೆ ಎರಡು ಸ್ಪೀಕರ್‌ನಲ್ಲೂ ಸದ್ದು ಹಿಂದಿನಿಂದ ಬಂದಂತೆ ಕೇಳಿಸಬಹುದು. ಆದರೆ ಆ ಕೆಲಸಕ್ಕೆ ಮೂಲದಲ್ಲೇ 5.1 ಇರಬೇಕು, ಫೋನೋ ಟಿವಿಯೋ ಅದನ್ನು ಸಂಸ್ಕರಿಸಬೇಕು. ಬರೀ ಸ್ಟೀರಿಯೊ ಕೊಟ್ಟು ಹೆಡ್‌ಫೋನಿನ ‘ಸರೌಂಡ್’ ಬಟನ್ ಒತ್ತಿದರೆ ಸಿಗೋದು ಬಾವಿಯೊಳಗಿನ ಪ್ರತಿಧ್ವನಿ. ಮಾತು ಮಸುಕಾಗುತ್ತದೆ.

ಮೂಲದಲ್ಲಿ ಸರೌಂಡ್ ಇದ್ದರೂ ಅದು ಎಲ್ಲರಿಗೂ ಸಿಗುವುದಿಲ್ಲ. ನೆಟ್‌ಫ್ಲಿಕ್ಸ್ ತನ್ನ ಸ್ಪೇಷಿಯಲ್ ಆಡಿಯೊ ಇಟ್ಟಿರೋದು ತಿಂಗಳಿಗೆ 649 ರೂಪಾಯಿಯ ಪ್ರೀಮಿಯಂ ಪ್ಲಾನ್‌ನಲ್ಲಿ. 149ರ ಮೊಬೈಲ್ ಪ್ಲಾನ್‌ನವರಿಗೆ ಚಿತ್ರವೂ ಕಡಿಮೆ, ಸದ್ದೂ ಕಡಿಮೆ. ಬಾಲ್ಕನಿ-ಗಾಂಧಿಕ್ಲಾಸ್ ಎಲ್ಲೂ ಹೋಗಿಲ್ಲ ನೋಡ್ರಿ, ಆ್ಯಪ್ ಒಳಗೆ ಕೂತಿದೆ.

ಹಾಗಾದರೆ ಏನು ತಗೋಬೇಕು? ಫೋನ್‌ನಲ್ಲೇ ನೋಡುವವರು 7.1ರ ಹೆಸರಿನಲ್ಲಿ ಒಂದು ರೂಪಾಯಿಯೂ ಹೆಚ್ಚಿಗೆ ಕೊಡಬೇಡಿ. ಕಿವಿಗೆ ಸರಿಯಾಗಿ ಕೂರುವ, ಮಾತು ಸ್ಪಷ್ಟ ಕೇಳುವ ಸಾದಾ ಸ್ಟೀರಿಯೊ ಸಾಕು. ಟಿವಿಗೆ ಬೇಕಾದರೆ ಮೊದಲು ನೋಡಬೇಕಾದದ್ದು ತಡ. ಸದ್ದು ಚಿತ್ರಕ್ಕಿಂತ ಸುಮಾರು 125 ಮಿಲಿಸೆಕೆಂಡ್ ಹಿಂದೆ ಬಿದ್ದರೆ ನೋಡುವವರಿಗೆ ಗೊತ್ತಾಗತೊಡಗುತ್ತದೆ. ಸಾಮಾನ್ಯ ಬ್ಲೂಟೂತ್ ಆ ಗೆರೆಯನ್ನು ಸುಲಭವಾಗಿ ದಾಟುತ್ತದೆ. ಫೋನಿನ ಆ್ಯಪ್‌ಗಳು ಚಿತ್ರವನ್ನೂ ಅಷ್ಟೇ ತಡೆದು ಸರಿಮಾಡುತ್ತವೆ, ಹಳೇ ಟಿವಿಗಳಲ್ಲಿ ಆ ಭರವಸೆ ಇಲ್ಲ. ಟಿವಿಗೆ ಟ್ರಾನ್ಸ್‌ಮಿಟರ್ ಸಿಕ್ಕಿಸುವ 2.4 ಗಿಗಾಹರ್ಟ್ಸ್ ಹೆಡ್‌ಫೋನ್ ತಗೊಂಡರೆ ತುಟಿಗೂ ಮಾತಿಗೂ ಹೊಂದಿಕೆ ಇರುತ್ತದೆ. ತಗೊಳ್ಳುವ ಮುಂಚೆ ಟಿವಿ ಹಿಂದೆ ಆಪ್ಟಿಕಲ್ ಕಿಂಡಿಯೋ 3.5 ಎಂಎಂ ಕಿಂಡಿಯೋ ಇದೆಯಾ ನೋಡಿಕೊಳ್ಳಿ. ಇಬ್ಬರು ಕೂತು ನೋಡಬೇಕಾ? ಎರಡು ವೈರ್ ಹೆಡ್‌ಫೋನ್, ಒಂದು ಸ್ಪ್ಲಿಟರ್. ಚಾರ್ಜಿಂಗ್ ಚಿಂತೆಯೂ ಇಲ್ಲ.

ಡಬ್ಬಿ ಮೇಲಿನ ಬಿಐಎಸ್ ನೋಂದಣಿ ಸಂಖ್ಯೆ ಸುರಕ್ಷತೆಗೆ ಸಂಬಂಧಿಸಿದ್ದು. ಸದ್ದಿನ ಗುಣಮಟ್ಟಕ್ಕೆ ಅದು ಸರ್ಟಿಫಿಕೇಟ್ ಆಗುವುದಿಲ್ಲ. ‘7.1’ ಅನ್ನುವುದು ದಾರಿತಪ್ಪಿಸುವ ಜಾಹೀರಾತೇ ಎಂದು ಕೇಳಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿ ಕೊಟ್ಟಿದೆ, ಕೇಳುವವರು ಬೇಕು. ವಾಲ್ಯೂಮ್ ಬಗ್ಗೆಯೂ ಒಂದು ಮಾತು: ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಸದ್ದು ಏರಿದಷ್ಟೂ ಗಂಟೆ ಇಳಿಯುತ್ತದೆ.

ಇನ್ನು ಸರ್ಕಾರದ ಪಾಲು. 2025ರ ಮಾರ್ಚ್ ಬಜೆಟ್‌ನಲ್ಲಿ ಸಿದ್ದರಾಮಯ್ಯ 200 ರೂಪಾಯಿ ಮಿತಿಯ ಜೊತೆಗೇ ಕನ್ನಡ ಸಿನಿಮಾಗಳಿಗೆ ರಾಜ್ಯದ್ದೇ ಒಂದು ಒಟಿಟಿ ವೇದಿಕೆ ಮಾಡುವ ಮಾತು ಆಡಿದ್ದರು. ಟಿಕೆಟ್ ಮಿತಿ ಸುದ್ದಿಯಾದಷ್ಟು ಇದು ಆಗಲಿಲ್ಲ. ಈ ನಾಲ್ಕು ತಾಲೂಕಿಗೆ ಅದೇ ಹೆಚ್ಚು ಸಂಬಂಧಪಟ್ಟದ್ದು. ಅದು ಬರುವುದಾದರೆ 5.1 ಧ್ವನಿ ಎಲ್ಲ ಪ್ಲಾನ್‌ಗೂ ಇರಲಿ. ಫೋನ್‌ನಲ್ಲಿ ನೋಡುವವರಿಗಾಗಿ ಮಾತು ಮೇಲೆದ್ದು ಕೇಳುವ ಬೇರೆ ಸ್ಟೀರಿಯೊ ಟ್ರ್ಯಾಕ್ ಇರಲಿ. ಕಿವಿ ಮಂದ ಇರುವ ಅಜ್ಜ-ಅಜ್ಜಿಯರಿಗೆ ಕನ್ನಡದಲ್ಲೇ ಸಬ್‌ಟೈಟಲ್ ಇರಲಿ. ಥಿಯೇಟರ್‌ಗಳಿಗೆ ಇಂಥ ಅನುಕೂಲದ ಮಾರ್ಗಸೂಚಿಯನ್ನು ಕೇಂದ್ರ ವಾರ್ತಾ ಸಚಿವಾಲಯ 2024ರ ಮಾರ್ಚ್‌ನಲ್ಲೇ ಹೊರಡಿಸಿದೆ. ಟೆಂಡರ್ ಕರೆಯುವ ಮುನ್ನ ಇವನ್ನು ಷರತ್ತಿನಲ್ಲಿ ಬರೆಸಿ ಎಂದು ವಿಜಯಪುರ ಜಿಲ್ಲೆಯ ಶಾಸಕರನ್ನು ಕೇಳಬಹುದು.