ಪರದೆ ಕೆಟ್ಟಿಲ್ಲ, ಮುಚ್ಚಿದ್ದೇನೆ ಎಂದುಕೊಂಡಿದೆ

ಲ್ಯಾಪ್‌ಟಾಪಿನ ಹತ್ತಿರ ಅಯಸ್ಕಾಂತ ಬಂದರೆ ಪರದೆ ಹೋಯಿತೆಂದೇ ಲೆಕ್ಕ ಎನ್ನುವವರು ಬಳ್ಳಾರಿ ಸೀಮೆಯಲ್ಲಿ ಇಂದಿಗೂ ಸಿಗುತ್ತಾರೆ. ಅಯಸ್ಕಾಂತಕ್ಕೇನೂ ಇಲ್ಲಿ ಬರವಿಲ್ಲ. ಜೀನ್ಸ್ ಹೊಲಿಯುವವರು ಕೆಳಗೆ ಬಿದ್ದ ಸೂಜಿ ಹೆಕ್ಕಲು ಒಂದು ತುಂಡು ಇಟ್ಟುಕೊಂಡಿರುತ್ತಾರೆ. ಸಿರುಗುಪ್ಪದಂಥ ಭತ್ತದ ಊರಿನ ರೈಸ್ ಮಿಲ್ಲುಗಳಲ್ಲಿ ಮೊಳೆ, ತಂತಿಚೂರು ಹಿಡಿಯಲು ಇನ್ನೂ ದೊಡ್ಡದು ಬೇಕಾಗುತ್ತದೆ. ಲೆಕ್ಕ ಬರೆಯುವ ಲ್ಯಾಪ್‌ಟಾಪೂ ಅಲ್ಲೇ ಎಲ್ಲೋ ಕೂತಿರುತ್ತದೆ. ಹೀಗಾಗಿ ಈ ವಾದಕ್ಕೆ ಉತ್ತರ ಕೊಡಲೇಬೇಕು.

“ಟಿವಿ ಮುಂದ ಅಯಸ್ಕಾಂತ ಹಿಡಿದ್ರೆ ಬಣ್ಣ ಕಲಸಿ ಹೋಗ್ತಿತ್ತು, ನಾವೇ ನೋಡೀವಿ” ಎಂಬುದು ಮೊದಲ ಮಾತು. ನೋಡಿದ್ದು ನಿಜ, ಆದರೆ ಅದು ಡಬ್ಬಿ ಟಿವಿಯಲ್ಲಿ. ಅದರ ಕೊಳವೆಯೊಳಗೆ ಎಲೆಕ್ಟ್ರಾನುಗಳ ಕಿರಣ ಹಾರಿಬಂದು ಗಾಜಿಗೆ ಬಡಿಯುತ್ತಿತ್ತು. ಅಯಸ್ಕಾಂತ ಆ ಕಿರಣವನ್ನು ಬಾಗಿಸುತ್ತಿತ್ತು, ಗಾಜಿನ ಹಿಂದಿನ ಉಕ್ಕಿನ ಜಾಲರಿಗೂ ಕಾಂತತೆ ಅಂಟಿಸುತ್ತಿತ್ತು. ಕಲೆ ಉಳಿಯುತ್ತಿದ್ದದ್ದು ಅದರಿಂದ. ಲ್ಯಾಪ್‌ಟಾಪಿನ ಎಲ್‌ಸಿಡಿಯಲ್ಲಿ ಕಿರಣವೂ ಇಲ್ಲ, ಆ ಜಾಲರಿಯೂ ಇಲ್ಲ. ಹಿಂದೆ ಎಲ್‌ಇಡಿ ಬೆಳಕು, ಮುಂದೆ ವಿದ್ಯುತ್ ಒತ್ತಡಕ್ಕೆ ತಿರುಗುವ ದ್ರವಸ್ಫಟಿಕ. ಪ್ರಯೋಗಾಲಯದ ಭಾರಿ ಅಯಸ್ಕಾಂತಗಳು ಆ ಸ್ಫಟಿಕವನ್ನೂ ಅಲುಗಾಡಿಸಬಲ್ಲವು. ಆದರೆ ಅವನ್ನು ದೂರ ಸರಿಸಿದರೆ ಅದು ಮೊದಲಿನಂತಾಗುತ್ತದೆ.

“ಹಂಗಾದ್ರೆ ಇಟ್ಟ ಕೂಡ್ಲೇ ಕಪ್ಪಾಗಿದ್ದು ಹೆಂಗ್ರೀ?” ಎದುರಾಳಿಗಳ ನಿಜವಾದ ಬಲ ಈ ಪ್ರಶ್ನೆಯಲ್ಲಿದೆ. ಮುಚ್ಚಳ ಹಾಕಿದಾಗ ಲ್ಯಾಪ್‌ಟಾಪ್ ತಾನೇ ನಿದ್ದೆಗೆ ಹೋಗುತ್ತದಲ್ಲ, ಅದಕ್ಕೆ ಮುಚ್ಚಿರುವುದು ತಿಳಿಯುವುದು ಹೇಗೆ? ಬಹಳಷ್ಟು ಯಂತ್ರಗಳಲ್ಲಿ ಪರದೆಯ ಅಂಚಿನೊಳಗೆ ಒಂದು ಪುಟ್ಟ ಅಯಸ್ಕಾಂತ, ಕೀಬೋರ್ಡಿನ ಭಾಗದಲ್ಲಿ ಅದನ್ನು ಗುರುತಿಸುವ ಸೆನ್ಸರು ಇರುತ್ತವೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮವೇ ಆ ಸೆನ್ಸರಿನ ಬುನಾದಿ. ಅಂಗೈ ಊರುವ ಜಾಗದಲ್ಲಿ ಸೂಜಿ ಹೆಕ್ಕುವ ತುಂಡನ್ನೋ ಅಯಸ್ಕಾಂತದ ಗುಂಡಿಯಿರುವ ಮೊಬೈಲ್ ಕವರನ್ನೋ ಇಟ್ಟರೆ, ಮುಚ್ಚಳ ಬಿತ್ತೆಂದು ಸೆನ್ಸರು ನಂಬುತ್ತದೆ, ಪರದೆ ಆರುತ್ತದೆ. ಒಂದು ಲ್ಯಾಪ್‌ಟಾಪಿನ ಮೇಲೆ ಇನ್ನೊಂದನ್ನು ಇಟ್ಟು ಕೆಲಸ ಮಾಡಿದರೂ ಇದೇ ಕಥೆ. ಕಪ್ಪಾದದ್ದು ಕೇಡಲ್ಲ, ಯಂತ್ರ ಹೇಳಿದಂತೆ ಕೇಳಿದೆ, ಅಷ್ಟೆ. ಮೇಜಿನ ಮೇಲಿನ ಕಬ್ಬಿಣ, ಅಯಸ್ಕಾಂತ, ಮೊಬೈಲುಗಳನ್ನೆಲ್ಲ ಒಂದು ಮಾರು ಆಚೆ ಸರಿಸಿ ಪವರ್ ಗುಂಡಿ ಒಮ್ಮೆ ಒತ್ತಿ. ಏಳದಿದ್ದರೆ ಅದನ್ನೇ ಅರ್ಧ ನಿಮಿಷ ಅದುಮಿಹಿಡಿದು, ಬಿಟ್ಟು, ಮತ್ತೆ ಚಾಲೂ ಮಾಡಿ.

ಮೂರನೆಯದು ರಿಪೇರಿಯವರ ಮಾತು: “ಹೊರಗಿನ ಮಾನಿಟರ್‌ನಾಗ ಚಿತ್ರ ಬರ್ತೈತಿ, ಅಂದ್ರ ಒಳಗಿನ ಪ್ಯಾನೆಲ್ ಹೋಗೇತಿ.” ಆತುರದ ತೀರ್ಪು ಇದು. ಮುಚ್ಚಳ ಮುಚ್ಚಿದೆ ಎಂದುಕೊಂಡ ಲ್ಯಾಪ್‌ಟಾಪ್ ಕೆಲವು ಹೊಂದಾಣಿಕೆಗಳಲ್ಲಿ ಚಿತ್ರವನ್ನು ಹೊರಗಿನ ಮಾನಿಟರ್‌ಗೆ ಕೊಟ್ಟು ತನ್ನ ಪರದೆಯನ್ನು ಮಾತ್ರ ಆರಿಸಿಡುತ್ತದೆ. ಸೆನ್ಸರು ಸಿಕ್ಕಿಹಾಕಿಕೊಂಡಿದ್ದರೂ ಇದೇ ಲಕ್ಷಣ. ಕತ್ತಲಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ: ಮಸುಕಾಗಿ ಚಿತ್ರ ಕಂಡರೆ ಪ್ಯಾನೆಲ್ ಚಿತ್ರ ಬರೆಯುತ್ತಿದೆ, ಹಿಂಬೆಳಕು ಮಾತ್ರ ಇಲ್ಲ. ಮುಚ್ಚಳ ಅಲುಗಿಸಿದಾಗ ಚಿತ್ರ ಬಂದು ಹೋದರೆ ತಿರುಗಣಿಯೊಳಗಿನ ಕೇಬಲ್ಲನ್ನು ಅನುಮಾನಿಸಿ. ಅದಕ್ಕೂ ಅಯಸ್ಕಾಂತಕ್ಕೂ ಸಂಬಂಧವಿಲ್ಲ.

“ನಮ್ಮದು ಅದಿರಿನ ನೆಲ, ಗಾಳ್ಯಾಗ ಕಬ್ಬಿಣ ಐತಿ” ಎಂಬ ಹೆಮ್ಮೆ ಬೆರೆತ ವಾದವನ್ನು ಹೆಚ್ಚು ಎಳೆಯಬೇಕಿಲ್ಲ. ಅದಿರಿರುವುದು ಸಂಡೂರಿನ ಗುಡ್ಡಗಳಲ್ಲಿ, ಅದೂ ಬಹುಪಾಲು ಹೆಮಟೈಟ್. ಅಯಸ್ಕಾಂತಕ್ಕೆ ಅದು ಅಷ್ಟಾಗಿ ಅಂಟುವುದಿಲ್ಲ. ಚೆನ್ನಾಗಿ ಅಂಟುವ ಮ್ಯಾಗ್ನೆಟೈಟ್‌ಗೆ ಹೆಸರಾದದ್ದು ಕುದುರೆಮುಖ. ಕುರುಗೋಡಿನ ಗುಡ್ಡಗಳಂತೂ ಗ್ರಾನೈಟ್. ಧೂಳು ಫ್ಯಾನಿಗೆ ಕಟ್ಟಿಕೊಂಡು ಯಂತ್ರ ಕಾಯುತ್ತದೆ ಎಂದರೆ ಒಪ್ಪುವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರ ಬಿಸಿಲಲ್ಲಿ ನಿಂತ ಕಾರಿನೊಳಗೆ ಲ್ಯಾಪ್‌ಟಾಪ್ ಬಿಡುವುದಕ್ಕಿಂತ ಅಯಸ್ಕಾಂತದ ಪಕ್ಕ ಇಡುವುದು ಮೇಲು.

ಇನ್ನೊಂದು ಅಯಸ್ಕಾಂತ ಸವರಿ ‘ದೋಷ ತೆಗೆಯುವ’ ಉಪಾಯ ಹೇಳುವವರೂ ಇದ್ದಾರೆ. ಡಬ್ಬಿ ಟಿವಿಗೆ ಕಾಂತತೆ ಕಳೆಯುವ ಸುರುಳಿ ಇತ್ತು, ಸರಿ. ಇಲ್ಲಿ ಕಳೆಯಲು ಏನಿದೆ?

ಎದುರಾಳಿಗಳ ಒಂದು ಮಾತನ್ನು ಮಾತ್ರ ತಳ್ಳಿಹಾಕಲಾರೆ: ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಮಾಹಿತಿ ಕೂರುವುದು ಕಾಂತೀಯವಾಗಿಯೇ. ಆದರೆ ಆ ಡಿಸ್ಕಿನೊಳಗೇ ಬಲವಾದ ನಿಯೋಡಿಮಿಯಂ ಅಯಸ್ಕಾಂತಗಳಿವೆ, ಹೊರಗಿನ ಸಣ್ಣ ತುಂಡಿಗೆ ಅದು ಸುಲಭಕ್ಕೆ ಸೋಲದು. ಮಿಲ್ಲಿನ ದೊಡ್ಡ ಅಯಸ್ಕಾಂತದಿಂದ ಅದನ್ನು ದೂರವಿಡಿ. ಎಸ್‌ಎಸ್‌ಡಿಗೆ ಆ ಭಯವೂ ಬೇಡ. ಬ್ಯಾಂಕ್ ಕಾರ್ಡಿನ ಕಪ್ಪು ಪಟ್ಟಿಗೂ ಪೇಸ್‌ಮೇಕರ್ ಹಾಕಿಸಿಕೊಂಡವರ ಎದೆಗೂ ಅಯಸ್ಕಾಂತ ನಿಜವಾಗಿ ಅಪಾಯಕಾರಿ. ಭಯಪಡುವುದಿದ್ದರೆ ಅಲ್ಲಿ ಪಡಿ.

ಆಪಲ್ ಕಂಪನಿ 2006ರಲ್ಲಿಯೇ ಅಯಸ್ಕಾಂತದಿಂದ ಕಚ್ಚಿಕೊಳ್ಳುವ ಚಾರ್ಜರನ್ನು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿತು. ಪರದೆ ಅಷ್ಟು ಸುಲಭಕ್ಕೆ ಸುಡುವಂತಿದ್ದರೆ ಅದು ಹಾಗೆ ಮಾಡುತ್ತಿತ್ತೇ? ರಿಪೇರಿ ಅಂಗಡಿಯ ಬಂಧುಗಳೇ, ಗಿರಾಕಿ “ಅಯಸ್ಕಾಂತ ತಾಕಿತು” ಎಂದು ಬಂದರೆ ಹೊಸ ಪ್ಯಾನೆಲ್‌ನ ದರ ಹೇಳುವ ಮುನ್ನ ಮುಚ್ಚಳದ ಸೆನ್ಸರನ್ನು ಅವರ ಕಣ್ಣೆದುರೇ ಪರೀಕ್ಷಿಸಿ ತೋರಿಸಿ.