ಚರಂಡಿಗೆ ಚಪ್ಪಡಿಯಾಗುತ್ತಿದೆ ಚರಿತ್ರೆ!

ಹೆಬ್ಬಾಳದ ಮೇಲ್ಸೇತುವೆ ಹತ್ತುವ ಮುಂಚೆ ಬಸ್ಸು ನಿಂತಿತೆಂದರೆ ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಯಲಹಂಕದಿಂದ ಮೆಜೆಸ್ಟಿಕ್ಕಿಗೆ ಹೊರಟವರು ಕಿಟಕಿಯಾಚೆ ನೋಡುತ್ತ, ಸರ್ಕಾರಕ್ಕೋ ಕಂಡಕ್ಟರಿಗೋ ಹಿಡಿಶಾಪ ಹಾಕುತ್ತ ಕೂರುವುದು ನಿತ್ಯದ ಕಥೆ. ಹಾಗೆ ಕೂತವರಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ, ಬಸ್ಸಿನ ಬೋರ್ಡಿನ ಮೇಲಿರುವ 'ಹೆಬ್ಬಾಳ' ಎಂಬ ಹೆಸರಿಗೆ 1,250 ವರ್ಷಕ್ಕೂ ಮೇಲ್ಪಟ್ಟ ವಯಸ್ಸಾಗಿದೆ!

ಕೆಂಪೇಗೌಡರು ಬೆಂಗಳೂರು ಕಟ್ಟಿದ್ದು 1537ರಲ್ಲಿ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರಿಗೆ ಇದು ಕೊಂಚ ಬೆರಗಿನ ಮಾತು. ಕೆಂಪೇಗೌಡರಿಗಿಂತ ಸುಮಾರು ಎಂಟು ಶತಮಾನ ಮೊದಲೇ ಹೆಬ್ಬಾಳ ಇತ್ತೇ? ಇತ್ತು. ಹಾಗೆಂದು ಹೇಳಿದ್ದು ಯಾವ ಪಂಡಿತನೂ ಅಲ್ಲ, ಊರೊಳಗಿನ ಒಂದು ಕಲ್ಲು.

ಆ ಕಲ್ಲು ಬೆಳಕಿಗೆ ಬಂದದ್ದು ಮೊನ್ನೆ ಮೊನ್ನೆ, 2018ರಲ್ಲಿ. ಅದೊಂದು ವೀರಗಲ್ಲು. ಕಾಲ ಸುಮಾರು ಕ್ರಿ.ಶ. 750. ಆಗ ಈ ಸೀಮೆಗೆ ಗಂಗರ ಶ್ರೀಪುರುಷ ದೊರೆ. ಇಂದಿನ ನೆಲಮಂಗಲ ತಾಲೂಕಿನ ಮಣ್ಣೆ ಅವನ ಬೀಡು. ಕಲ್ಲಿನ ಮೇಲಿರುವುದು ಕೆಲವೇ ಸಾಲು ಬರಹ. 'ಪೆರ್ಬೊಳಲ್ ನಾಡು ಮೂವತ್ತು', ಅಂದರೆ ಮೂವತ್ತು ಊರುಗಳ ಒಂದು ಸೀಮೆ. ರಟ್ಟರ ಕಡೆಯವರು ಮೇಲೆ ಬಿದ್ದಾಗ ಊರಳಿವಿನ ಕಾಳಗದಲ್ಲಿ ಕಿಟ್ಟಯ್ಯ ಎಂಬಾತ ಹೋರಾಡಿ ಸತ್ತ. ಅವನ ನೆನಪಿಗೆ ಕಲ್ಲು ನಿಲ್ಲಿಸಿದರು. ಪೆರ್ ಎಂದರೆ ದೊಡ್ಡದು, ಪೊಳಲ್ ಎಂದರೆ ಪಟ್ಟಣ. ಹಳಗನ್ನಡದ ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪೆರ್ಬೊಳಲ್ ಜನರ ಬಾಯಲ್ಲಿ ಸವೆದು ಹೆಬ್ಬಾಳವಾಯಿತು. ಬೆಂಗಳೂರು ನಗರದಲ್ಲಿ ಇದುವರೆಗೆ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಇದೇ ಅತಿ ಹಳೆಯದು ಎನ್ನುತ್ತಾರೆ ಶಾಸನ ಬಲ್ಲವರು.

ಕಿಟ್ಟಯ್ಯ ರಾಜನಲ್ಲ, ಮಂತ್ರಿಯಲ್ಲ. ಅವನ ಹೆಸರಿನಲ್ಲಿ ಕೋಟೆಯಿಲ್ಲ, ಜಯಂತಿಯಿಲ್ಲ, ರಜೆಯಂತೂ ಇಲ್ಲವೇ ಇಲ್ಲ. ಆ ಕಲ್ಲೊಂದು ಕಾಣದೇ ಹೋಗಿದ್ದರೆ ಅಂಥವನೊಬ್ಬ ಬದುಕಿದ್ದ ಎಂಬುದೂ ತಿಳಿಯುತ್ತಿರಲಿಲ್ಲ, ಹೆಬ್ಬಾಳಕ್ಕೆ ಆ ಹೆಸರು ಎಲ್ಲಿಂದ ಬಂತೆಂಬುದೂ ತಿಳಿಯುತ್ತಿರಲಿಲ್ಲ.

ಹೆಸರಿನ ಮಾತು ಬಂದಿದ್ದಕ್ಕೆ ಇನ್ನೊಂದು ಸಂಗತಿ. ಹೊಯ್ಸಳ ದೊರೆ ಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ 'ಬೆಂದಕಾಳೂರು' ಆಯಿತು ಎಂಬ ಕಥೆ ಗೊತ್ತಿಲ್ಲದ ಮನೆಯಿಲ್ಲ. ಕಥೆ ಸೊಗಸಾಗಿದೆ, ಮಕ್ಕಳಿಗೆ ಹೇಳಲಡ್ಡಿಯಿಲ್ಲ. ಆದರೆ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ ವೀರಗಲ್ಲಿನಲ್ಲಿ ಬೆಂಗಳೂರಿನಲ್ಲಿ ನಡೆದ ಕಾಳಗದ ಮಾತಿದೆ. ಅದರ ಕಾಲ ಸುಮಾರು ಕ್ರಿ.ಶ. 890. ಬಲ್ಲಾಳ ಹುಟ್ಟುವುದಕ್ಕೆ ಎರಡೂವರೆ ಶತಮಾನ ಮೊದಲೇ ಊರಿಗೆ ಹೆಸರಿತ್ತು ಎಂದಾಯಿತು. ಅಜ್ಜಿಯ ಕಾಳು ಇನ್ನೂ ಬೆಂದೇ ಇರಲಿಲ್ಲ! ಒಂದು ಕಲ್ಲಿನ ಬೆಲೆ ಇಷ್ಟು.

ಅಂಗಡಿ ಮಾಲೀಕರಿಗೆ ಬೇರೆ ರೀತಿಯಲ್ಲಿ ಹೇಳಿದರೆ ಸುಲಭವಾದೀತು. ಇ-ಖಾತೆಗಾಗಿ ಕಚೇರಿ ಕಚೇರಿ ಅಲೆದವರಿಗೆ ಕಾಗದಪತ್ರದ ಬೆಲೆ ಹೇಳಿಕೊಡಬೇಕಿಲ್ಲ. ಆ ಕಾಲದ ಕ್ರಯಪತ್ರ, ದಾನಪತ್ರ, ಪಹಣಿ ಎಲ್ಲವೂ ಈ ಕಲ್ಲುಗಳೇ. ಯಾವ ಕೆರೆಗೆ ಯಾವ ಗದ್ದೆ ಬಿಟ್ಟರು, ಯಾರಿಗೆ ಬಿಟ್ಟರು, ಮೂಡಲಿಗೆ ಯಾವ ಮರ, ತೆಂಕಲಿಗೆ ಯಾವ ಹಳ್ಳ ಎಂಬ ಚೆಕ್ಕುಬಂದಿ ಸಮೇತ ಕೆತ್ತಿರುತ್ತಾರೆ. ನೆತ್ತಿಯ ಮೇಲೆ ಸೂರ್ಯ ಚಂದ್ರರ ಗುರುತು ಇರುತ್ತದೆ: ಅವರಿಬ್ಬರೂ ಇರುವವರೆಗೆ ಈ ದಾನ ನಡೆಯಲಿ ಎಂದು. ತಪ್ಪಿ ನಡೆದವನಿಗೆ ಕೊನೆಯಲ್ಲಿ ಶಾಪ. ಇಂದಿನ ಪತ್ರಗಳಲ್ಲಿ ದಂಡದ ಮಾತು ಬರುವ ಜಾಗದಲ್ಲಿ ಅಂದು ನರಕದ ಮಾತು, ಅಷ್ಟೇ ವ್ಯತ್ಯಾಸ. ಕಾಳಗದಲ್ಲಿ ಸತ್ತವನ ಮನೆಯವರಿಗೆ 'ನೆತ್ತರುಕೊಡಗೆ' ಎಂದು ಹೊಲ ಬಿಡುತ್ತಿದ್ದರು. ಕೆರೆಯ ದುರಸ್ತಿಗೆಂದೇ 'ಬಿತ್ತುವಟ್ಟ' ಎಂದು ಗದ್ದೆ ಮೀಸಲಿಡುತ್ತಿದ್ದರು. ಇಂದು ಕೆರೆ ನುಂಗಿದವರ ಪಟ್ಟಿ ಮಾಡುತ್ತ ಕೂತಿರುವ ಊರಿಗೆ ಇದು ತಿಳಿದಿರುವುದು ಒಳ್ಳೆಯದು.

ಯಶವಂತಪುರದ ಬಸ್ಸಿನಲ್ಲಿ ಹೋಗುವವರಿಗೆ ಟಾಟಾ ಇನ್‌ಸ್ಟಿಟ್ಯೂಟ್ ಸ್ಟಾಪು ಗೊತ್ತು. ಆ ಜಾಗದಲ್ಲಿ ಮೇದರನಿಂಗನಹಳ್ಳಿ ಎಂಬ ಊರಿತ್ತು ಎಂಬುದು ಎಷ್ಟು ಜನಕ್ಕೆ ಗೊತ್ತು? ಮಲ್ಲಪುರದ ಮಲ್ಲಿಕಾರ್ಜುನ ದೇವರಿಗೆ, ಅಂದರೆ ಇಂದಿನ ಕಾಡುಮಲ್ಲೇಶ್ವರನಿಗೆ, ಶಿವಾಜಿಯ ಮಲತಮ್ಮ ವೆಂಕೋಜಿ 1669ರಲ್ಲಿ ಆ ಹಳ್ಳಿಯನ್ನು ಬಿಟ್ಟುಕೊಟ್ಟ ಶಾಸನವಿದೆ. ಹಳ್ಳಿ ಹೋಯಿತು, ಹೆಸರು ಕಲ್ಲಿನಲ್ಲಿ ಉಳಿಯಿತು. ಯಲಹಂಕದ ಕಥೆಯೂ ಹಾಗೆಯೇ. ಈ ಕಡೆಯ ತಮಿಳು ಶಾಸನಗಳಲ್ಲಿ ಅದು 'ಇಲೈಪ್ಪಾಕ್ಕ ನಾಡು'. ಕೆಂಪೇಗೌಡರ ವಂಶದವರು ಯಲಹಂಕ ನಾಡಪ್ರಭುಗಳೆಂದು ಕರೆಸಿಕೊಂಡಿದ್ದು ಆ ಹಳೆಯ ನಾಡಿನ ಹೆಸರಿನಲ್ಲೇ. ಆರ್.ಟಿ. ನಗರ ಎಂದರೆ ರವೀಂದ್ರನಾಥ ಠಾಗೋರ್ ನಗರ ಎಂಬುದೇ ಮರೆತುಹೋಗಿರುವಾಗ ಇಲೈಪ್ಪಾಕ್ಕವನ್ನು ಯಾರು ನೆನೆಯಬೇಕು ಎನ್ನುತ್ತೀರಾ? ಅದೂ ಸರಿಯೇ.

ಈ ಕಲ್ಲುಗಳ ಲೆಕ್ಕ ಬರೆದಿಟ್ಟ ಪುಣ್ಯಾತ್ಮ ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥನಾಗಿ ಪಂಡಿತರನ್ನು ಊರೂರಿಗೆ ಕಳುಹಿಸಿ, ಎಂಟೂವರೆ ಸಾವಿರಕ್ಕೂ ಹೆಚ್ಚು ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಅಚ್ಚು ಹಾಕಿಸಿದ. ಬೆಂಗಳೂರು ಜಿಲ್ಲೆಯದು ಒಂಬತ್ತನೇ ಸಂಪುಟ, 1905ರದ್ದು. ತಾಲೂಕು, ಊರು, ಕಲ್ಲು ಇರುವ ಜಾಗ ಎಲ್ಲವನ್ನೂ ನಂಬರು ಹಾಕಿ ಬರೆದಿದ್ದಾನೆ. ಆ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಇಂದು ಹುಡುಕಲು ಹೊರಟರೆ ಎಷ್ಟೋ ಕಡೆ ಊರಿದೆ, ದೇವಸ್ಥಾನವಿದೆ, ಕಲ್ಲು ಮಾತ್ರ ಇಲ್ಲ.

ಎಲ್ಲಿ ಹೋದವು? ಕಳ್ಳರು ಕದ್ದರೆ? ಕದ್ದದ್ದೂ ಉಂಟು, ಆದರೆ ಕಡಿಮೆ. ಹೆಚ್ಚಿನವು ಹೋದದ್ದು ಯಾರಿಗೂ ಕೆಟ್ಟದ್ದು ಮಾಡುವ ಉದ್ದೇಶವಿಲ್ಲದವರ ಕೈಯಲ್ಲಿ. ಚಪ್ಪಟೆಯಾಗಿ ಗಟ್ಟಿಮುಟ್ಟಾಗಿರುವ ಕಲ್ಲು ಕಂಡರೆ ಮೇಸ್ತ್ರಿಗೆ ಅದು ಚಪ್ಪಡಿ. ಚರಂಡಿಯ ಮೇಲೆ ಮಲಗಿಸಿ ಅದರ ಮೇಲೆ ಸ್ಕೂಟರು ಹತ್ತಿಸಿದರೆ ಮುಗಿಯಿತು. ಮನೆಯವರ ಕಣ್ಣಿಗೆ ಬಿದ್ದರೆ ಬಟ್ಟೆ ಒಗೆಯುವ ಕಲ್ಲು. ರಸ್ತೆ ಕಂಟ್ರಾಕ್ಟರಿನ ಜೆಸಿಬಿಗೆ ಅದು ಬರೀ ಅಡ್ಡಿ. ಪಕ್ಕಕ್ಕೆ ತಳ್ಳಿ ಕಾಂಕ್ರೀಟು ಸುರಿದರೆ ಬಿಲ್ಲು ಪಾಸು. ಅಕ್ಷರ ಕಂಡರೆ ಕೆಳಗೆ ನಿಧಿಯಿದೆ ಎಂದು ಅಮಾವಾಸ್ಯೆ ರಾತ್ರಿ ಅಗೆದು, ಕಲ್ಲು ಒಡೆದು, ಕೈಗೆ ಮಣ್ಣು ಮೆತ್ತಿಕೊಂಡು ಬೆಳಗಾಗುವಷ್ಟರಲ್ಲಿ ಓಡುವ ಮಹಾಶಯರು ಬೇರೆ. ಶಾಸನದಲ್ಲಿ ಬರೆದಿರುವುದು ಗದ್ದೆಯ ಲೆಕ್ಕವಯ್ಯಾ, ಚಿನ್ನದ ಲೆಕ್ಕವಲ್ಲ ಎಂದು ಅವರಿಗೆ ಹೇಳುವವರು ಯಾರು?

ಭಕ್ತರ ಕಾಟವೂ ಕಡಿಮೆಯಿಲ್ಲ. ಬೇಜಾರು ಮಾಡಿಕೊಳ್ಳಬಾರದು. ಊರ ದೇವಸ್ಥಾನದ ಜೀರ್ಣೋದ್ಧಾರ ಎಂದರೆ ಹಳೆಯದನ್ನೆಲ್ಲ ಕಿತ್ತು ಪಾಲಿಷ್ ಗ್ರಾನೈಟು ಹಾಕುವುದು ಎಂದಾಗಿದೆ. ಉಳಿದ ಕಲ್ಲಿಗೆ ಥಳಥಳಿಸುವ ಎನಾಮೆಲ್ ಪೇಂಟು. ವೀರಗಲ್ಲಿಗೆ ವರ್ಷಗಟ್ಟಲೆ ಎಣ್ಣೆ, ಅರಿಶಿನ, ಕುಂಕುಮ ಮೆತ್ತಿ ಮೆತ್ತಿ ಅಕ್ಷರ ಮುಚ್ಚಿಹೋಗುತ್ತವೆ. ಹಾಗೆಂದು ಪೂಜೆ ನಿಲ್ಲಿಸಿ ಎಂದು ಹೇಳುವಂತಿಲ್ಲ, ಹೇಳಲೂಬಾರದು. ದೇವರೆಂದು ಕೈಮುಗಿದದ್ದಕ್ಕೇ ಎಷ್ಟೋ ಕಲ್ಲು ಇಂದಿಗೂ ಉಳಿದಿವೆ. ಪೂಜೆಯಿಲ್ಲದ ಕಲ್ಲು ಚರಂಡಿ ಸೇರಿದೆ. ಹೂ ಏರಿಸಿ, ಕೈ ಮುಗಿಯಿರಿ, ಪೇಂಟಿನ ಡಬ್ಬ ಮಾತ್ರ ದೂರ ಇಡಿ ಎಂದು ಕೇಳಿಕೊಂಡರೆ ಒಪ್ಪದ ಪೂಜಾರಿ ಸಿಗಲಾರ.

ಇವೆಲ್ಲಕ್ಕಿಂತ ದೊಡ್ಡ ಶತ್ರು ಹೆದರಿಕೆ. ಪಾಯ ತೋಡುವಾಗ ಕಲ್ಲು ಸಿಕ್ಕಿತು ಎಂದುಕೊಳ್ಳಿ. ಸೈಟಿನ ಮಾಲೀಕನ ಎದೆ ಧಸಕ್ಕೆನ್ನುತ್ತದೆ. "ಸರ್ಕಾರದೋರು ಬಂದು ಜಾಗ ಕಿತ್ಕೊಂಡ್ರೆ? ಸಾಲ ಮಾಡಿ ತಗೊಂಡಿರೋ ಸೈಟು ಸ್ವಾಮಿ!" ಎಂಬುದು ಅವನ ಭಯ. ರಾತ್ರೋರಾತ್ರಿ ಕಲ್ಲು ಮತ್ತೆ ಮಣ್ಣು ಸೇರುತ್ತದೆ, ಇಲ್ಲವೇ ಪಾಯದ ಸೈಜುಗಲ್ಲಾಗುತ್ತದೆ. ಸ್ಮಾರಕದ ಸುತ್ತ 100 ಮೀಟರು ಏನೂ ಕಟ್ಟುವಂತಿಲ್ಲ, ಅದರಾಚೆ 200 ಮೀಟರು ಅನುಮತಿ ಬೇಕು ಎಂಬ ಕಾನೂನು ಕಿವಿಗೆ ಬಿದ್ದಿರುತ್ತದೆ. ಆ ಕಾನೂನು ಇರುವುದು ನಿಜ. 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿ ಅದು. ಆದರೆ ಅದು ಅನ್ವಯಿಸುವುದು ಕೇಂದ್ರ ಸರ್ಕಾರ ರಕ್ಷಿತವೆಂದು ಸಾರಿದ ಸ್ಮಾರಕಗಳಿಗೆ. ಬೀದಿ ಬದಿಯಲ್ಲಿ ಸಿಕ್ಕ ಒಂಟಿ ಕಲ್ಲಿನಿಂದ ತಾನಾಗಿ ಯಾರ ಸೈಟಿಗೂ ಆ ನೂರು ಮೀಟರು ಬಂದು ಅಮರಿಕೊಳ್ಳುವುದಿಲ್ಲ. ಈ ಎರಡು ವಾಕ್ಯವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ವಾರ್ಡು ಕಚೇರಿಯ ಗೋಡೆಗೆ ಅಂಟಿಸಲು ಎಷ್ಟು ಖರ್ಚಾದೀತು?

ಇನ್ನೊಂದು ಮಗ್ಗುಲೂ ಇದೆ. ಕಾನೂನಿನ ಆ ಕೊಡೆಯ ಕೆಳಗೆ ಬಾರದಿರುವುದರಿಂದಲೇ ಈ ಒಂಟಿ ಕಲ್ಲುಗಳಿಗೆ ಹೇಳುವವರು ಕೇಳುವವರು ಇಲ್ಲ. ರಾಜ್ಯದ 1961ರ ಕಾಯ್ದೆಯೂ ಕಾಯುವುದು ಪಟ್ಟಿಯಲ್ಲಿ ಸೇರಿದ ಸ್ಮಾರಕಗಳನ್ನು. 1972ರ ಪುರಾತನ ವಸ್ತುಗಳ ಕಾಯ್ದೆ ನೂರು ವರ್ಷಕ್ಕೆ ಮೇಲ್ಪಟ್ಟ ಶಿಲ್ಪ, ಶಾಸನಗಳ ವ್ಯಾಪಾರಕ್ಕೆ ಲೈಸೆನ್ಸು ಬೇಕೆನ್ನುತ್ತದೆ, ವಿದೇಶಕ್ಕೆ ಸಾಗಿಸದಂತೆ ತಡೆಯುತ್ತದೆ. ಲಂಡನ್ನಿಗೆ ಹೋಗದಂತೆ ತಡೆದದ್ದು ಸಂತೋಷ. ಕೊಡಿಗೇಹಳ್ಳಿಯ ಚರಂಡಿಗೆ ಹೋಗದಂತೆ ತಡೆಯುವವರು ಯಾರು? ರಸ್ತೆಯವರು ಪುರಾತತ್ವದವರನ್ನು ತೋರಿಸುತ್ತಾರೆ, ಪುರಾತತ್ವದವರು ಪಟ್ಟಿ ತೋರಿಸುತ್ತಾರೆ. ರಾಜ್ಯ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿ ಇರುವುದು ಮೈಸೂರಿನಲ್ಲಿ. ಜೆಸಿಬಿ ನಿಂತಿರುವುದು ಬಾಗಿಲ ಮುಂದೆ.

ಮೇಖ್ರಿ ಸರ್ಕಲ್ ಬಳಿಯ ಕೆಂಪೇಗೌಡ ಗೋಪುರಕ್ಕೆ ಹೆಸರಿನ ಬಲವಿದೆ, ಯಾರೂ ಮುಟ್ಟರು. ವಿಮಾನ ನಿಲ್ದಾಣದಲ್ಲಿ 2022ರಲ್ಲಿ 108 ಅಡಿಯ ಕೆಂಪೇಗೌಡರ ಪ್ರತಿಮೆ ಎದ್ದಿತು, ಎದ್ದದ್ದು ಸರಿಯೇ. ಆ ದಾರಿಯಲ್ಲೇ ನಡುವೆ ಸಿಗುವ ಕಿಟ್ಟಯ್ಯನಿಗೆ ಏನು ಸಿಕ್ಕಿತು? ಅವನಿಗೂ ಸಿಕ್ಕಿದೆ, ಆದರೆ ಖಜಾನೆಯಿಂದಲ್ಲ. ಹೆಬ್ಬಾಳದವರೂ ಶಾಸನಾಸಕ್ತರೂ ಕೈಯಿಂದ ದುಡ್ಡು ಹಾಕಿ ಗಂಗರ ಶೈಲಿಯ ಪುಟ್ಟ ಮಂಟಪ ಕಟ್ಟಿ ಕಲ್ಲನ್ನು ನೆರಳಿಗೆ ತಂದಿದ್ದಾರೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ, 1909ರಷ್ಟು ಹಳೆಯ ಸಂಸ್ಥೆ, 2021ರಿಂದ ಬೆಂಗಳೂರಿನ ಶಾಸನಗಳ ಮೂರು ಆಯಾಮದ ಸ್ಕ್ಯಾನಿಂಗ್ ನಡೆಸಿದೆ. ಹಿಂದೆಲ್ಲ ಕಲ್ಲಿಗೆ ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಅಚ್ಚು ತೆಗೆಯುತ್ತಿದ್ದರು. ಈಗ ಬೆಳಕಿನ ಯಂತ್ರ ಕಲ್ಲಿನ ಉಬ್ಬುತಗ್ಗನ್ನು ಕೂದಲೆಳೆಯ ಲೆಕ್ಕದಲ್ಲಿ ಹಿಡಿಯುತ್ತದೆ. ಸವೆದು ಕಣ್ಣಿಗೆ ಕಾಣದ ಅಕ್ಷರವೂ ಕಂಪ್ಯೂಟರಿನಲ್ಲಿ ಎದ್ದು ಕಾಣುತ್ತದೆ. ಕಲ್ಲೇ ಹೋದರೂ ಓದು ಉಳಿಯಿತು ಎಂಬ ಸಮಾಧಾನ. ಆದರೆ ಸ್ಕ್ಯಾನು ಮಾಡಬೇಕಾದರೆ ಕಲ್ಲು ಅಲ್ಲಿಯವರೆಗಾದರೂ ಇರಬೇಕಲ್ಲ!

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು. ಹೆಬ್ಬಾಳ, ಯಲಹಂಕಗಳು ಸೇರಿದ್ದು ಬೆಂಗಳೂರು ಉತ್ತರ ನಗರ ಪಾಲಿಕೆಗೆ. ಹೊಸ ಮನೆ, ಹೊಸ ಲೆಕ್ಕದ ಪುಸ್ತಕ. ವಾರ್ಡುವಾರು ಆಸ್ತಿಪಟ್ಟಿ ಬರೆಯುವಾಗ ದೀಪದ ಕಂಬ, ಕೊಳವೆಬಾವಿಗಳ ಜೊತೆಗೆ ಇಂಥ ಬೀದಿಯಲ್ಲಿ ಇಂಥ ಕಲ್ಲು ಇದೆ ಎಂದೂ ಒಂದು ಸಾಲು ಸೇರಿಸಲಿ. ರೈಸ್ ಸಂಪುಟ, ಮಿಥಿಕ್ ಸೊಸೈಟಿಯ ದಾಖಲೆ ಎರಡೂ ಎದುರಿಗಿರುವಾಗ ಹೊಸದಾಗಿ ಕಮಿಟಿ ಮಾಡುವ ಅಗತ್ಯವೂ ಇಲ್ಲ, ಕಮಿಟಿಗೆ ಕಾಫಿ ಬಿಲ್ಲೂ ಇಲ್ಲ. ರಸ್ತೆ, ಚರಂಡಿ, ಪೈಪಿನ ಟೆಂಡರಿನಲ್ಲಿ ಒಂದು ಷರತ್ತು ಬರಲಿ: ಬರಹವೋ ಶಿಲ್ಪವೋ ಇರುವ ಕಲ್ಲು ಸಿಕ್ಕರೆ ಅಲ್ಲಿ ಕೆಲಸ ನಿಲ್ಲಿಸಿ, ಇಂತಿಷ್ಟು ದಿನದೊಳಗೆ ಇಂಥ ಅಧಿಕಾರಿ ಬಂದು ನೋಡಬೇಕು, ಕಂಟ್ರಾಕ್ಟರಿಗೆ ಆ ದಿನಗಳನ್ನು ಗಡುವಿನಲ್ಲಿ ಲೆಕ್ಕ ಹಿಡಿಯಬಾರದು. ಗಡುವಿನ ಮಾತು ಸೇರಿಸದಿದ್ದರೆ ಷರತ್ತು ಕಾಗದದಲ್ಲೇ ಉಳಿಯುತ್ತದೆ, ಕಲ್ಲು ಕಾಂಕ್ರೀಟಿನಲ್ಲೇ.

ಅಂಗಡಿಯವರ ಪಾತ್ರವೂ ಸಣ್ಣದಲ್ಲ. ಬೆಳಿಗ್ಗೆ ಷಟರು ಎತ್ತುವಾಗ ಬೀದಿ ಅಗೆಯುವವರು ಬಂದರೆ ಮೊದಲು ಕಾಣುವುದು ಅವರಿಗೇ. ಮಣ್ಣಿನಿಂದ ಮೇಲೆ ಬಂದ ಕಲ್ಲಿನ ಮೇಲೆ ಸೂರ್ಯ ಚಂದ್ರ, ಕತ್ತಿ ಹಿಡಿದ ಆಳು, ಕರು ಜೊತೆ ಹಸು, ಇಲ್ಲವೇ ಸಾಲು ಅಕ್ಷರ ಕಂಡರೆ ಒಂದು ಬಕೆಟ್ ನೀರು ಹುಯ್ದು, ಮೊಬೈಲಿನಲ್ಲಿ ಫೋಟೋ ತೆಗೆದು, "ಏನಪ್ಪಾ, ಸ್ವಲ್ಪ ತಡಿ" ಎಂದರೆ ಸಾಕು. ತಂತಿ ಬ್ರಷ್ಷು, ಆ್ಯಸಿಡ್ಡು ಮಾತ್ರ ಬೇಡ. ಆ ಫೋಟೋ ಯಾವ ನಂಬರಿಗೆ ಹೋಗಬೇಕು ಎಂಬುದನ್ನು ಪಾಲಿಕೆ ಮಳೆಗಾಲದ ಚರಂಡಿ ಕೆಲಸ ಶುರುವಾಗುವ ಮುಂಚೆಯೇ ಪ್ರಕಟಿಸಬೇಕು.