ಮಗುವಿನ ಹಗಲು ಸಮಾಜದ್ದಾಗಲಿ, ರಾತ್ರಿ ಮನೆಯದ್ದಾಗಿರಲಿ



ಜೂನ್ ತಿಂಗಳು ಬಂತೆಂದರೆ ನಮ್ಮ ಮಠಗಳ ಪ್ರಸಾದ ನಿಲಯಗಳ ಮುಂದೆ ಪಾಲಕರು ಸೇರುತ್ತಾರೆ. ಹಿಂದೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಊರಲ್ಲಿ ಹೈಸ್ಕೂಲಿಲ್ಲದ ಬಡ ರೈತರು. ಇಂದು ಐದಾರು ವರ್ಷದ ಕೂಸಿನ ಕೈಹಿಡಿದು ಬರುವ ನೌಕರಸ್ಥ ದಂಪತಿಗಳೂ ಉಂಟು. ಮನೆಯಲ್ಲಿ ನೋಡುವವರಿಲ್ಲ, ಮಠದಲ್ಲಿದ್ದರೆ ಸಂಸ್ಕಾರವಾದರೂ ಬಂದೀತು ಎಂಬುದು ಅವರ ಮಾತು.

ಅವರನ್ನು ದೂರಿ ಪ್ರಯೋಜನವಿಲ್ಲ. ಗಂಡ, ಹೆಂಡತಿ, ಒಂದು ಮಗು ಇರುವ ಚಿಕ್ಕ ಸಂಸಾರದಲ್ಲಿ ಇಬ್ಬರೂ ದುಡಿಯಲೇಬೇಕಾದ ಕಾಲವಿದು. ಮಗುವಿನ ಕೈಗೆ ಮೊಬೈಲು ಕೊಟ್ಟು ಕೂರಿಸುವುದು ಎಷ್ಟೋ ಮನೆಗಳ ಪಾಡಾಗಿದೆ. ಅವಿಭಕ್ತ ಕುಟುಂಬವೇ ಚೆನ್ನಾಗಿತ್ತು ಎಂದು ಹಿರಿಯರು ಹಲುಬುತ್ತಾರೆ. ಆದರೆ ಆ ತುಂಬಿದ ಮನೆಯಲ್ಲಿ ಮಕ್ಕಳನ್ನು ಎತ್ತಿ ಆಡಿಸಿದವರು ಸೊಸೆಯರು, ವಿಧವೆಯರು, ತಮ್ಮನನ್ನು ಕಂಕುಳಲ್ಲಿಟ್ಟುಕೊಂಡು ಶಾಲೆ ಬಿಟ್ಟ ಹೆಣ್ಣುಮಕ್ಕಳು. ಆ ವ್ಯವಸ್ಥೆಗೆ ಮರಳಬೇಕೆಂದು ಸಮಾನತೆಯನ್ನು ನಂಬಿದ ನಾವು ಹೇಳಲಾರೆವು.

ಹಾಗಾದರೆ ಮಗುವನ್ನು ಪೂರ್ತಿಯಾಗಿ ಸಮಾಜದ ಕೈಗೊಪ್ಪಿಸಿದರೆ ಹೇಗೆ? ಹೀಗೆ ಮಾಡಿ ನೋಡಿದವರು ಇಸ್ರೇಲಿನ ಕಿಬುತ್ಸ್‌ಗಳ ಜನ. ಕಿಬುತ್ಸ್ ಎಂದರೆ ಭೂಮಿ, ದುಡಿಮೆ, ಊಟ ಎಲ್ಲವೂ ಸಾಮೂಹಿಕವಾದ ಕೃಷಿ ಗ್ರಾಮ. ಮೊದಲನೆಯದು 1910ರಲ್ಲಿ ಗಲಿಲೀ ಸರೋವರದ ದಡದಲ್ಲಿ ಹುಟ್ಟಿತು. ಮುಂದೆ ಇಂಥ ಬಹುತೇಕ ಗ್ರಾಮಗಳಲ್ಲಿ ಕೂಸುಗಳು ಹಗಲೂ ರಾತ್ರಿ 'ಮಕ್ಕಳ ಮನೆ'ಯಲ್ಲೇ ಬೆಳೆದವು. ತಂದೆತಾಯಿಯರೊಡನೆ ಇರುತ್ತಿದ್ದುದು ಸಂಜೆಯ ಕೆಲವು ತಾಸು ಮಾತ್ರ. ಹೆಣ್ಣು ಒಲೆ, ತೊಟ್ಟಿಲುಗಳಿಂದ ಬಿಡುಗಡೆ ಹೊಂದಿ ಗಂಡಿನ ಸಮಕ್ಕೆ ದುಡಿಯಲಿ ಎಂಬ ಒಳ್ಳೆಯ ಉದ್ದೇಶವೂ ಅದರ ಹಿಂದಿತ್ತು.

ಆದರೆ ಅದು ಉಳಿಯಲಿಲ್ಲ. ಮಕ್ಕಳು ರಾತ್ರಿ ನಮ್ಮ ಬಳಿಯೇ ಮಲಗಲಿ ಎಂದು ತಾಯಂದಿರೇ ಪಟ್ಟು ಹಿಡಿದರು. 1990ರ ದಶಕ ಮುಗಿಯುವ ಹೊತ್ತಿಗೆ ಮಕ್ಕಳೆಲ್ಲ ರಾತ್ರಿ ಮನೆಗೆ ಮರಳಿದ್ದರು. ಅವಿ ಸಾಗಿ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಗಮನಾರ್ಹ. ಎರಡು ಗುಂಪಿನ ಕೂಸುಗಳಿಗೂ ಹಗಲಿನ ಆರೈಕೆ ಒಂದೇ ತೆರನಾಗಿತ್ತು. ಮಲಗುವ ಜಾಗ ಮಾತ್ರ ಬೇರೆ. ಮನೆಯಲ್ಲಿ ಮಲಗುವವರಲ್ಲಿ 100ಕ್ಕೆ 80 ಕೂಸುಗಳಿಗೆ ತಾಯಿಯೊಡನೆ ನೆಮ್ಮದಿಯ ಬಾಂಧವ್ಯ ಕಂಡುಬಂದರೆ, ಮಕ್ಕಳ ಮನೆಯಲ್ಲಿ ಮಲಗುವವರಲ್ಲಿ ಅದು 48 ಮಾತ್ರ. ಹಗಲಿನ ಸಾಮೂಹಿಕ ಪಾಲನೆಯನ್ನು ಅವರು ಕೈಬಿಡಲಿಲ್ಲ; ಕೈಬಿಟ್ಟದ್ದು ರಾತ್ರಿಯ ಅಗಲಿಕೆಯನ್ನು. ನಮಗೆ ಇಲ್ಲಿ ಪಾಠವಿದೆ.

ಪ್ರಸಾದ ನಿಲಯಗಳ ಹಿರಿಮೆ ಇದರಿಂದ ಕುಂದದು. ಸಿದ್ಧಗಂಗೆಯಲ್ಲಿ ಪೂಜ್ಯ ಡಾ. ಶಿವಕುಮಾರ ಸ್ವಾಮಿಗಳವರು ಜಾತಿ ಮತ ನೋಡದೆ ಸುಮಾರು 10 ಸಾವಿರ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನೀಡಿದರು. ಅನಾಥರಿಗೆ, ಗುಳೆ ಹೋಗುವವರ ಮಕ್ಕಳಿಗೆ ಮಠವೇ ಮನೆ. ಆ ಬಾಗಿಲು ಎಂದೂ ಮುಚ್ಚಬಾರದು. ಆದರೆ ತಂದೆತಾಯಿ ಇದ್ದೂ, ಅನುಕೂಲವಿದ್ದೂ, ಹಾಲುಹಲ್ಲು ಬೀಳದ ಮಗುವನ್ನು ತಂದುಬಿಡುವುದು ದಾಸೋಹದ ಉಪಯೋಗವಲ್ಲ.

ಶರಣರು ಸಂಸಾರ ಬಿಟ್ಟು ಓಡಲು ಹೇಳಲಿಲ್ಲ, ಸಂಸಾರದೊಳಗೇ ಸಮಾಜ ಕಟ್ಟಿದರು. ಚನ್ನಬಸವಣ್ಣನವರು ಬೆಳೆದದ್ದು ಕಲ್ಯಾಣದ ಶರಣ ಸಂಕುಲದ ನಡುವೆ. ಸೋದರಮಾವ ಬಸವಣ್ಣನವರ ನೆರಳಿತ್ತು, ತಾಯಿ ಅಕ್ಕ ನಾಗಲಾಂಬಿಕೆಯ ಮಡಿಲೂ ಇತ್ತು.

ಆದ್ದರಿಂದ ನಮ್ಮ ಮಠಗಳು ಮಕ್ಕಳ ಹಗಲನ್ನು ಹಂಚಿಕೊಳ್ಳಲಿ. ಶಾಲೆ ಬಿಟ್ಟ ಹೊತ್ತಿನಿಂದ ಪಾಲಕರು ಮನೆಗೆ ಬರುವವರೆಗೆ ಮಠದ ಆವರಣ ಎಲ್ಲ ಮಕ್ಕಳಿಗೂ ತೆರೆದಿರಲಿ. ಅಲ್ಲಿ ಒಂದಿಷ್ಟು ಪ್ರಸಾದ, ಆಟ, ಪಾಠ, ವಚನ ಸಿಗಲಿ. ನಿವೃತ್ತ ಶಿಕ್ಷಕರಿಗೆ, ಒಂಟಿಯಾಗಿರುವ ಹಿರಿಯರಿಗೆ ಅದೇ ಕಾಯಕವಾಗಲಿ. ಕೂಲಿಕಾರರ ಕೂಸುಗಳಿಗಾಗಿ ಪಂಚಾಯಿತಿಗಳು ತೆರೆದಿರುವ ಕೂಸಿನ ಮನೆಗಳಿಗೆ ಭಕ್ತರು ನೆರವಾಗಲಿ. ನಿಲಯದಲ್ಲೇ ಇರಬೇಕಾದ ಮಕ್ಕಳಿಗೆ ಅತ್ತಾಗ ಓಡಿಹೋಗಲು ಗುರುತಿನ ಒಬ್ಬರು ಇರಲಿ, ವಾರಕ್ಕೊಮ್ಮೆ ಮನೆಯವರ ದನಿ ಕೇಳಲಿ.

ಇನ್ನು ಮನೆಯಲ್ಲಿ ಮಗುವನ್ನು ಮಲಗಿಸುವ ಹೊಣೆ ತಾಯಿಯೊಬ್ಬಳದಲ್ಲ. ಇಷ್ಟಲಿಂಗ ಪೂಜೆಗೆ ಬಿಡುವು ಮಾಡಿಕೊಳ್ಳುವ ತಂದೆ ಮಗುವಿಗೂ ಒಂದು ತಾಸು ಕೊಡಲಿ. ಬರುವ ಶ್ರಾವಣದ ಪ್ರವಚನಗಳಲ್ಲಿ ಈ ಮಾತು ಪ್ರಸ್ತಾಪವಾಗಲಿ ಎಂದು ಪೂಜ್ಯರಲ್ಲಿ ನಮ್ಮ ಬಿನ್ನಹ.